ಅಲ್ಲಾಡದ ಸ್ಟ್ಯಾಂಡು

ನಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಒಂದು ಮರದ ಸ್ಟ್ಯಾಂಡಿದೆ. ಎರಡೂವರೆ ಅಡಿ ಎತ್ತರ, ಮೂರಿಂಚು ದಪ್ಪದ ನಾಲ್ಕು ಕಾಲು. ಮೇಲೆ ತೂತು ಕೊರೆಯುವ ಡ್ರಿಲ್ಲಿಂಗ್ ಮಷೀನು, ಕೆಳಗಿನ ಹಲಗೆಯ ಮೇಲೆ ಒಂದು ಬೀಸುವ ಕಲ್ಲು. ಮೊದಲ ಸಲ ನೋಡಿದವರು ನಗದೇ ಇರುವುದಿಲ್ಲ. "ಇದೇನ್ ಸಾರ್, ಆನೆ ಕಟ್ಟೋಕೆ ಮಾಡ್ಸಿದ್ರಾ?" ಎಂದು ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಹುಡುಗ ಕೇಳಿದ್ದ. 18 ಕೆಜಿಯ ಮಷೀನಿಗೆ ಇಷ್ಟು ದಪ್ಪದ ಕಾಲು ಬೇಕಿರಲಿಲ್ಲ, ನಿಜ. ಆದರೂ ಯಾಕೆ ಹಾಗೆ ಮಾಡಿದೆ ಎಂದು ಹೇಳಬೇಕಾದರೆ ನನ್ನದೇ ಒಂದು ತಪ್ಪಿನಿಂದ ಶುರು ಮಾಡಬೇಕು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಡ್ಜರು, ವೋಚರು, ಕ್ಯಾಷ್ ಕೌಂಟರು ಬಿಟ್ಟರೆ ಕೈಕೆಲಸ ಎಂಬುದು ಗೊತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಹೊತ್ತು ಹೋಗಲೆಂದು ಮರದ ಆಟಿಕೆ ಮಾಡಲು ಹೊರಟೆ. ಚಕ್ರದ ಗಾಡಿ, ಉಯ್ಯಾಲೆ, ಗೊಂಬೆಗೆ ಮಂಚ, ಇಂಥವು. ಗಾಡಿ ನೇರವಾಗಿ ಓಡಬೇಕಾದರೆ ಚಕ್ರದ ತೂತು ಸರಿಯಾಗಿ ನಡುಮಧ್ಯೆ, ನೆಟ್ಟಗೆ ಬೀಳಬೇಕು. ಕೈಯಲ್ಲಿ ಹಿಡಿಯುವ ಡ್ರಿಲ್ಲಿನಲ್ಲಿ ಅದು ಆಗುತ್ತಿರಲಿಲ್ಲ. ಅದಕ್ಕೇ ಈ ನಿಂತು ಕೊರೆಯುವ ಮಷೀನನ್ನು ಕೊಂಡೆ. ಕೊಂಡೆನೇ ಹೊರತು ಅದನ್ನು ಇಡಲು ಜಾಗ ಮಾಡಿರಲಿಲ್ಲ. ಅಡುಗೆಮನೆಯಲ್ಲಿ ಡಬ್ಬ ಇಳಿಸಲು ಹತ್ತುತ್ತಿದ್ದ ಹಳೇ ಸ್ಟೂಲಿನ ಮೇಲೆ ಕೂರಿಸಿದೆ. ಸ್ಟೂಲು ಸ್ವಲ್ಪ ಅಲ್ಲಾಡುತ್ತಿತ್ತು. ಒಂದು ಕಾಲಿನ ಕೆಳಗೆ ಮದುವೆ ಕರೆಯೋಲೆಯೊಂದನ್ನು ಮಡಿಸಿ ಇಟ್ಟೆ.

ಮಗಳು ಒಂದು ಭಾನುವಾರ ಅದನ್ನು ನೋಡಿದಳು. "ಅಪ್ಪಾ, ಇದು ಅಲ್ಲಾಡುತ್ತಲ್ಲ?" ಎಂದಳು. "ಏನಾಗಲ್ಲ ಬಿಡಮ್ಮಾ" ಎಂದೆ.

ಮುಂದಿನ ತಿಂಗಳೇ ಆಯಿತು. ಒಂಬತ್ತು ವರ್ಷದ ಮೊಮ್ಮಗ ಗಾಡಿಗೆ ತಗಡಿನ ಪಟ್ಟಿ ಹಾಕೋಣ ಎಂದ. ತಗಡಿಗೆ ತೂತು ಕೊರೆಯಬೇಕಿತ್ತು. "ನಾನು ಹ್ಯಾಂಡಲ್ ಎಳೀತೀನಿ ತಾತ" ಎಂದ. ನಾನು ತಗಡನ್ನು ಕೈಯಲ್ಲಿ ಹಿಡಿದೆ, ಅವನು ಎಳೆದ. ಕೊರೆಯುವ ಅಲಗು ತೆಳು ತಗಡನ್ನು ಸೀಳಿಕೊಂಡು ಹೊರಬರುವ ಕ್ಷಣದಲ್ಲಿ ಗಬಕ್ಕನೆ ಕಚ್ಚಿಕೊಳ್ಳುತ್ತದೆ. ಮಷೀನು ಒಮ್ಮೆ ಜಗ್ಗಿತು, ಸ್ಟೂಲು ವಾಲಿತು, ಎರಡೂ ಹುಡುಗನ ಕಡೆಗೇ ಉರುಳಿದವು. ಸ್ಟೂಲು ಮೊದಲು ನೆಲಕ್ಕೆ ಬಿದ್ದು ಅಡ್ಡವಾದದ್ದೇ ಪುಣ್ಯ. ಮಷೀನಿನ ತಳದ ಒಂದು ಮೂಲೆ ಅವನ ಎಡಗಾಲಿನ ಹೆಬ್ಬೆರಳಿಗೆ ಬಡಿಯಿತು.

ಎಕ್ಸ್‌ರೇ ತೆಗೆದರು. ಎಲುಬು ಬಿರುಕು ಬಿಟ್ಟಿತ್ತು. ಕಾಲಿಗೆ ಕಟ್ಟು ಹಾಕಿ ಕಳಿಸಿದರು. ಮಗಳು ಆಫೀಸಿನಿಂದ ಓಡಿ ಬಂದಳು. "ಏನಾಯ್ತಪ್ಪಾ?" ಎಂದು ಕೇಳಿದಾಗ ನನ್ನ ಬಾಯಿಂದ ಬಂದ ಮಾತು ಇದು: "ಇವನು ಹ್ಯಾಂಡಲ್ ತುಂಬಾ ಜೋರಾಗಿ ಎಳೆದುಬಿಟ್ಟ."

ಹುಡುಗ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ.

ಬ್ಯಾಂಕಿನಲ್ಲಿ ಕ್ಯಾಷ್ ನೋಡುವವನಿಗೆ ಒಂದು ಕಟ್ಟಳೆ ಉಂಟು. ಸಂಜೆ ಲೆಕ್ಕ ಮಾಡುವಾಗ ದುಡ್ಡು ಕಡಿಮೆ ಬಂದರೆ ಅದನ್ನು ತುಂಬಬೇಕಾದವನು ಅವನೇ. ಗಿರಾಕಿ ಅವಸರ ಮಾಡಿದ, ಪಕ್ಕದವರು ಮಾತಾಡಿಸಿದರು ಎಂದು ಹೇಳುವಂತಿಲ್ಲ. ನಾನೂ ಒಂದೆರಡು ಸಲ ಜೇಬಿನಿಂದ ತುಂಬಿದ್ದೇನೆ, ತುಂಬಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು. ಅಂಥವನು ಅವತ್ತು ನನ್ನ ಕೊರತೆಯನ್ನು ಒಂಬತ್ತು ವರ್ಷದ ಹುಡುಗನ ಖಾತೆಗೆ ಬರೆದುಬಿಟ್ಟೆ. ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ಸ್ಟೂಲು ಅಲ್ಲಾಡುತ್ತಿತ್ತು, ಅದು ಒಂದು. ಮಷೀನನ್ನು ಬೋಲ್ಟು ಹಾಕಿ ಬಿಗಿದಿರಲಿಲ್ಲ, ಅದು ಎರಡು. ತಗಡನ್ನು ಕ್ಲಾಂಪಿನಲ್ಲಿ ಕಚ್ಚಿಸದೆ ಕೈಯಲ್ಲಿ ಹಿಡಿದಿದ್ದೆ, ಅದು ಮೂರು. ಆ ವಯಸ್ಸಿನ ಹುಡುಗನ ಕೈಗೆ ಹ್ಯಾಂಡಲ್ ಕೊಟ್ಟದ್ದು ನಾಲ್ಕು. ನಾಲ್ಕೂ ನನ್ನವೇ.

ಮಗಳು ಜಗಳವಾಡಲಿಲ್ಲ. "ಇನ್ನು ಮೇಲೆ ಅವನು ಶೆಡ್ಡಿಗೆ ಬರೋದು ಬೇಡ" ಎಂದಳು, ಅಷ್ಟೇ.

ನಮ್ಮ ಊರು ಸಕಲೇಶಪುರದ ಕಡೆ. ಅಲ್ಲಿ ಅಜ್ಜ ಕಟ್ಟಿಸಿದ ಹೆಂಚಿನ ಮನೆಯನ್ನು ಎರಡು ವರ್ಷದ ಹಿಂದೆ ಕೆಡವಿ, ತಮ್ಮನ ಮಗ ಆರ್‌ಸಿಸಿ ಮನೆ ಕಟ್ಟಿಕೊಂಡ. ಮರವನ್ನು ಅಣ್ಣತಮ್ಮಂದಿರು ಹಂಚಿಕೊಂಡೆವು. ನನ್ನ ಪಾಲಿಗೆ ಬಂದದ್ದು ಅಡುಗೆಮನೆಯ ಮೇಲಿದ್ದ ಮತ್ತಿ ಮರದ ತೊಲೆಯ ತುಂಡುಗಳು, ಕೆಲವು ಪಕಾಸು, ಹಲಸಿನ ಹಲಗೆಯ ಒಂದು ಬಾಗಿಲು, ಹೊನ್ನೆ ಮರದ ಹೊಸ್ತಿಲು. ಯಾಕೆ ತಂದೆನೋ ಗೊತ್ತಿಲ್ಲ, ಬಿಟ್ಟುಬರಲು ಮನಸ್ಸಾಗಲಿಲ್ಲ. ಶೆಡ್ಡಿನ ಪಕ್ಕ ತಗಡು ಮುಚ್ಚಿಕೊಂಡು ಬಿದ್ದಿದ್ದವು. "ಸೌದೆಗಾದ್ರೂ ಹಾಕಬಾರದಾ" ಎಂದು ನನ್ನಾಕೆ ವಾರಕ್ಕೊಮ್ಮೆ ಹೇಳುತ್ತಿದ್ದಳು.

ಈಗ ಅದರಲ್ಲೇ ಸ್ಟ್ಯಾಂಡು ಮಾಡುವುದೆಂದು ತೀರ್ಮಾನಿಸಿದೆ. ನನ್ನ ಕೈಯಲ್ಲಿ ಅಷ್ಟು ಗಟ್ಟಿ ಮರದ ಕೆಲಸ ಆಗುವುದಿಲ್ಲವೆಂದು ಗೊತ್ತಿತ್ತು. ಎರಡು ಬೀದಿ ಆಚೆ ಆಚಾರ್ರೊಬ್ಬರಿದ್ದಾರೆ, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಅವರನ್ನು ಕರೆತಂದೆ. ತೊಲೆಯ ಮೇಲೆ ಬೆರಳ ಗಂಟಿನಿಂದ ಕುಟ್ಟಿದರು, ಉಗುರಿನಲ್ಲಿ ಗೀರಿದರು, ಮೂಸಿ ನೋಡಿದರು.

"ಒಲೆ ಹೊಗೆ ಕುಡಿದಿದೆ ಸ್ವಾಮಿ. ಹುಳ ಮುಟ್ಟಿಲ್ಲ. ಇನ್ನು ಕುಗ್ಗೋದು ತಿರುಚೋದು ಎಲ್ಲಾ ಮುಗಿಸಿಕೊಂಡಿದೆ" ಎಂದರು.

ಹಳೇ ಮರದ ದೊಡ್ಡ ಗುಣ ಅದೇ. ಹಸಿ ಮರ ಒಣಗುತ್ತಾ ಕುಗ್ಗುತ್ತದೆ, ಬಾಗುತ್ತದೆ, ಬಿರುಕು ಬಿಡುತ್ತದೆ. ಇವತ್ತು ಸರಿಯಾಗಿ ಕೂರಿಸಿದ ಜೋಡಣೆ ಮುಂದಿನ ಬೇಸಿಗೆಗೆ ಸಡಿಲವಾಗುತ್ತದೆ. ಸೂರಿನಲ್ಲಿ ದಶಕಗಟ್ಟಲೆ ಮಳೆಗಾಲ, ಬೇಸಿಗೆ ಕಂಡ ಮರಕ್ಕೆ ಆ ಚೇಷ್ಟೆಯೆಲ್ಲ ಬಹುಮಟ್ಟಿಗೆ ಮುಗಿದಿರುತ್ತದೆ. ಜೊತೆಗೆ ಮತ್ತಿ ಒಳ್ಳೇ ತೂಕದ ಮರ. ಒಣಗಿದ ಮೇಲೂ ಒಂದು ಘನ ಅಡಿ ಸುಮಾರು 24 ಕೆಜಿ ತೂಗುತ್ತದೆ, ತೇಗವಾದರೆ 18 ಅಥವಾ 19. ಮಂಚಕ್ಕೆ ಇಂಥ ಭಾರ ಕಷ್ಟ. ಮಷೀನಿನ ಕಾಲಿಗೆ ಅದೇ ಬೇಕು.

ಅವಗುಣವೂ ಇದೆ. ಹಳೇ ಮರದ ಹೊಟ್ಟೆಯಲ್ಲಿ ಮೊಳೆ ಅಡಗಿರುತ್ತದೆ. ಹೊರಗಿನ ತಲೆ ಮುರಿದು, ಮೈ ಒಳಗೇ ಉಳಿದಿರುತ್ತದೆ. ಗರಗಸದ ಹಲ್ಲು ಅದಕ್ಕೆ ತಾಗಿದರೆ ಹಲ್ಲೂ ಹೋಯಿತು, ಚೂರು ಸಿಡಿದು ಕಣ್ಣಿಗೂ ಅಪಾಯ. ಸಾಮಿಲ್ಲಿನವರು ಹಳೇ ತೊಲೆ ಎಂದ ಕೂಡಲೇ ಮುಖ ಸಿಂಡರಿಸಿದರು. "ಒಂದೇ ಒಂದು ಮೊಳೆ ಸಿಕ್ಕಿದ್ರೂ ಬ್ಲೇಡಿನ ದುಡ್ಡು ನಿಮ್ದೇ" ಎಂದರು. ಅದರಲ್ಲಿ ತಪ್ಪೇನೂ ಇಲ್ಲ.

ಮೊಳೆ ಹುಡುಕುವ ಕೆಲಸಕ್ಕೆ ಕೂತೆ. ಅಷ್ಟರಲ್ಲಿ ಮೊಮ್ಮಗನ ಕಾಲಿನ ಕಟ್ಟು ಬಿಚ್ಚಿತ್ತು. ಶೆಡ್ಡಿನೊಳಗೆ ಹೋಗಕೂಡದು, ಹಿತ್ತಲಲ್ಲಿ ಕೂರಬಹುದು ಎಂಬ ಷರತ್ತಿನ ಮೇಲೆ ಮಗಳು ಬಿಟ್ಟುಹೋದಳು. ಹಾಳಾದ ರೇಡಿಯೋ ಸ್ಪೀಕರಿನಿಂದ ಅಯಸ್ಕಾಂತ ಬಿಚ್ಚಿ, ದಾರ ಕಟ್ಟಿ ಅವನ ಕೈಗೆ ಕೊಟ್ಟೆ. ತೊಲೆಯ ಮೈಗೆ ಹತ್ತಿರವಾಗಿ ಮೆಲ್ಲಗೆ ಆಡಿಸುತ್ತಾ ಹೋಗಬೇಕು. ಮೇಲ್ಗಡೆಯೇ ಮೊಳೆ ಇದ್ದರೆ ಅಯಸ್ಕಾಂತ ಅತ್ತ ವಾಲುತ್ತದೆ. ಆಳದಲ್ಲಿದ್ದರೆ ಅದಕ್ಕೂ ತಿಳಿಯುವುದಿಲ್ಲ, ಆಗ ಕಣ್ಣಿನ ಸಹಾಯ ಬೇಕು. ಕಬ್ಬಿಣದ ಮೊಳೆ ಇದ್ದ ಕಡೆ ಮರದ ಮೇಲೆ ನೀಲಿಗಪ್ಪು ಕಲೆ ಇರುತ್ತದೆ.

"ಇಲ್ಲಿ ಶಾಯಿ ಚೆಲ್ಲಿದ ಹಾಗಿದೆ ತಾತ" ಎಂದ ಹುಡುಗ.

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಮತ್ತಿ ಮರದಲ್ಲಿ ಒಗರಿನ ಅಂಶ ಹೆಚ್ಚು. ಅದಕ್ಕೆ ತೇವದಲ್ಲಿ ಕಬ್ಬಿಣ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನವರು ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದದ್ದು ಇದೇ ಗುಟ್ಟಿನಿಂದ. ಅಳಲೆ, ಮತ್ತಿ ಎರಡೂ ಒಂದೇ ಬಳಗದ ಮರಗಳು. ಇದನ್ನೆಲ್ಲ ಹೇಳಿದ ಮೇಲೆ ಅವನು ಪತ್ತೇದಾರನೇ ಆಗಿಬಿಟ್ಟ. ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತಾ ಹೋದ. ಮೂರು ಭಾನುವಾರಗಳಲ್ಲಿ 31 ಮೊಳೆ ಸಿಕ್ಕವು. ಉಳಿಯಿಂದ ಸುತ್ತ ಕೆತ್ತಿ, ಇಕ್ಕಳದಲ್ಲಿ ಒಂದೊಂದಾಗಿ ನಾನು ಕಿತ್ತೆ. ಅವನು ಹಾರ್ಲಿಕ್ಸ್ ಬಾಟಲಿಗೆ ಎಣಿಸಿ ಹಾಕಿದ.

ಬಾಗಿಲಿನ ಹಲಗೆಗೆ ಹಳೇ ಹಸಿರು ಬಣ್ಣವಿತ್ತು. ಅದನ್ನು ಉಪ್ಪುಕಾಗದದಲ್ಲಿ ಉಜ್ಜಲು ಹೋಗಲಿಲ್ಲ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ, ಅದರ ಪುಡಿ ಮಕ್ಕಳಿಗೆ ತುಂಬಾ ಕೆಟ್ಟದ್ದು. ಬಣ್ಣದ ಮುಖವನ್ನು ಅಡಿಗೆ ಮಾಡಿ, ಹಾಗೆಯೇ ಉಳಿಸಿಕೊಂಡೆ. ಈಗಲೂ ಸ್ಟ್ಯಾಂಡಿನ ಕೆಳಗೆ ಬಗ್ಗಿ ನೋಡಿದರೆ ನಮ್ಮ ಊರ ಮನೆಯ ಹಸಿರು ಕಾಣುತ್ತದೆ.

ಮೂರನೇ ಭಾನುವಾರ, ಆಚಾರ್ರು ತೊಲೆಯ ಮೇಲೆ ಕಾಲುಗಳ ಅಳತೆ ಗುರುತು ಹಾಕುತ್ತಿದ್ದರು. ಹುಡುಗ ನೋಡುತ್ತಿದ್ದವನು ಕೇಳಿದ, "ಇಷ್ಟು ದಪ್ಪ ಯಾಕೆ ತಾತ? ನಾನು ಜೋರಾಗಿ ಎಳೀತೀನಿ ಅಂತಾನಾ?"

ಆಚಾರ್ರು ಪೆನ್ಸಿಲ್ ನಿಲ್ಲಿಸಿ ನನ್ನ ಕಡೆ ನೋಡಿದರು. ನನಗೆ ಗಂಟಲು ಕಟ್ಟಿತು. ಇಷ್ಟು ದಿನ ಅವನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮೊಳೆ ಎಣಿಸುತ್ತಿದ್ದ.

ಸಂಜೆ ಮಗಳು ಕರೆದುಕೊಂಡು ಹೋಗಲು ಬಂದಾಗ ಜಗುಲಿಯಲ್ಲೇ ಹೇಳಿದೆ. "ಅವತ್ತು ಇವನದೇನೂ ತಪ್ಪಿಲ್ಲಮ್ಮಾ. ಸ್ಟೂಲು ಸರಿ ಇರಲಿಲ್ಲ. ನೀನು ಹೇಳಿದ್ದೆ, ನಾನು ಕೇಳಲಿಲ್ಲ. ಆಸ್ಪತ್ರೇಲಿ ಸುಳ್ಳು ಹೇಳಿದೆ."

"ನಂಗೆ ಗೊತ್ತಿತ್ತು ಅಪ್ಪಾ" ಎಂದಳು. "ನೀವು ನಂಗೆ ಹೇಳೋದು ಬೇಕಿಲ್ಲ. ಅವನಿಗೆ ಹೇಳಿ."

ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತು ಹೇಳಿದೆ. "ನೀನು ಜೋರಾಗಿ ಎಳೀಲಿಲ್ಲ ಕಣೋ. ಬೀಳೋ ಹಾಗೆ ಇಟ್ಟಿದ್ದು ನಾನು. ನಿನ್ನ ಮೇಲೆ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು." ಅವನು ಒಂದು ನಿಮಿಷ ಯೋಚಿಸಿದ. "ಹಾಗಾದ್ರೆ ನಿಂಗೂ ಕಟ್ಟು ಹಾಕ್ಬೇಕಿತ್ತು ತಾತ" ಎಂದ. ಮಗಳು ಆ ಕಡೆ ತಿರುಗಿ ನಕ್ಕಳು. ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ.

ಕೊಯ್ಯಿಸಿದ ಮರವನ್ನು ಆಚಾರ್ರು ಹದಿನೈದು ದಿನ ಮುಟ್ಟಲು ಬಿಡಲಿಲ್ಲ. ಹಳೇ ಮರವಾದರೂ ಹೊಸದಾಗಿ ಸೀಳಿದ ಮೇಲೆ ಒಂದಿಷ್ಟು ಮೈ ಸಡಿಲಿಸುತ್ತದಂತೆ. ನೆರಳಿನಲ್ಲಿ, ನಡುವೆ ರೀಪು ಕೊಟ್ಟು ಜೋಡಿಸಿಟ್ಟೆವು. ಆಮೇಲೆ ಉಜ್ಜುಗೊರಡು ಹಾಕಿದಾಗ ಹೊಗೆಹಿಡಿದ ಕಪ್ಪು ಸಿಪ್ಪೆ ಸುರುಳಿ ಸುರುಳಿಯಾಗಿ ಕಳಚಿ, ಒಳಗಿಂದ ಕಂದು ಬಣ್ಣದ ಗೆರೆಗಳು ಎದ್ದುಬಂದವು.

ಜೋಡಣೆಗೆ ಮೊಳೆ ಹೊಡೆಯುವಂತಿಲ್ಲ, ಮತ್ತಿ ಸೀಳುತ್ತದೆ. ಅಡ್ಡಪಟ್ಟಿಯ ತುದಿಯಲ್ಲಿ ನಾಲಿಗೆಯಂತೆ ಕೆತ್ತಿ, ಕಾಲಿನಲ್ಲಿ ಅದು ಕೂರುವಷ್ಟೇ ಚೌಕ ತೂತು ತೆಗೆದು ಒಳಗೆ ಕೂರಿಸಬೇಕು. ಆಮೇಲೆ ಎರಡನ್ನೂ ಸೇರಿಸಿ ತೂತು ಕೊರೆದು ಬಿದಿರಿನ ಮೊಳೆ ಹೊಡೆಯಬೇಕು. ಇಲ್ಲೊಂದು ಚಮತ್ಕಾರವಿದೆ. ಕಾಲಿನ ತೂತು, ನಾಲಿಗೆಯ ತೂತು ಎರಡೂ ಒಂದೇ ನೇರದಲ್ಲಿ ಇರಬಾರದು. ನಾಲಿಗೆಯ ತೂತು ಕೂದಲೆಳೆಯಷ್ಟು ಅಡ್ಡಪಟ್ಟಿಯ ಕಡೆಗೆ ಸರಿದಿರಬೇಕು. ಬಿದಿರು ಮೊಳೆ ಒಳಗೆ ಇಳಿಯುತ್ತಾ ನಾಲಿಗೆಯನ್ನು ಎಳೆದು ಬಿಗಿಯಾಗಿ ಕೂರಿಸುತ್ತದೆ. ಒಂದು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಎಂಟರವರೆಗೆ ಹುಡುಕುತ್ತಿದ್ದ ನನಗೆ, ಬೇಕೆಂದೇ ತಪ್ಪಿಸಿ ಲೆಕ್ಕ ಸರಿ ಮಾಡುವ ಈ ವಿದ್ಯೆ ಅರ್ಥವಾಗಲು ಹೊತ್ತು ಹಿಡಿಯಿತು.

ಆಕಾರದ ವಿಷಯ ಮಕ್ಕಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡ್ರಿಲ್ಲಿಂಗ್ ಮಷೀನಿನ ಮೋಟಾರು ಇರುವುದು ತಲೆಯ ಹತ್ತಿರ. ಹಾಗಾಗಿ ಅದರ ಭಾರವೆಲ್ಲ ಮೇಲೆ. ಮೇಲೆ ಭಾರ, ಕೆಳಗೆ ಕಿರಿದಾದ ತಳ ಇದ್ದರೆ ಸ್ವಲ್ಪ ವಾಲಿದರೂ ಉರುಳುತ್ತದೆ. ಎಷ್ಟು ತಳ್ಳಿದರೂ ಎದ್ದು ಕೂರುವ ತಂಜಾವೂರು ಗೊಂಬೆಯನ್ನು ನೋಡಿದ್ದೀರಲ್ಲ? ಅದರಲ್ಲಿ ಭಾರವೆಲ್ಲ ತಳದಲ್ಲಿರುತ್ತದೆ. ಗುರುತ್ವ ಕೇಂದ್ರ ಕೆಳಗಿದ್ದಷ್ಟೂ, ತಳ ಅಗಲವಾದಷ್ಟೂ ವಸ್ತು ಬೀಳುವುದು ಕಷ್ಟ. ಅದಕ್ಕೇ ನಮ್ಮ ಸ್ಟ್ಯಾಂಡಿನ ಮೇಲ್ಭಾಗ 16 ಇಂಚು ಅಗಲವಿದ್ದರೆ, ಕಾಲುಗಳನ್ನು ಹೊರಕ್ಕೆ ಚಾಚಿ ತಳ 26 ಇಂಚು ಮಾಡಿದೆವು. ನೆಲದಿಂದ ಆರಿಂಚು ಮೇಲೆ ಒಂದು ಹಲಗೆ ಕೊಟ್ಟು, ಅಲ್ಲಿ ಏನಾದರೂ ಭಾರ ಇಡುವುದೆಂದು ಮಾತಾಯಿತು.

ಆ ಹಲಗೆಗೆ ಹೊನ್ನೆಯ ಹೊಸ್ತಿಲನ್ನು ಸೀಳಿ ಹಾಕಬೇಕೆಂದು ನನಗಿತ್ತು. ನನ್ನಾಕೆ ಒಪ್ಪಲಿಲ್ಲ. "ನಿಮ್ಮಮ್ಮ ಪ್ರತಿ ಶುಕ್ರವಾರ ಅರಿಶಿನ ಕುಂಕುಮ ಇಡ್ತಿದ್ದ ಹೊಸ್ತಿಲು. ನಾನು ಆ ಮನೆಗೆ ಬಂದಾಗ ಅಕ್ಕಿಸೇರು ಒದ್ದದ್ದು ಅದರ ಮೇಲೇ. ಎಣ್ಣೆ ಜಿಡ್ಡಿನ ಮಷೀನಿನ ಕೆಳಗೆ ಹಾಕ್ತೀರಾ?" ಎಂದಳು. ಉತ್ತರ ಹೊಳೆಯಲಿಲ್ಲ. ಬಾಗಿಲಿನ ಉಳಿದ ಹಲಗೆಯನ್ನೇ ಹಾಕಿದೆವು. ಹೊಸ್ತಿಲು ಈಗ ತುಳಸಿಕಟ್ಟೆಯ ಪಕ್ಕ ಕೂರುವ ಮಣೆಯಾಗಿದೆ. ಮಾರನೇ ದಿನ ಅವಳೇ ಉಗ್ರಾಣದಿಂದ ಅಮ್ಮನ ಬೀಸುವ ಕಲ್ಲನ್ನು ತೆಗೆಸಿದಳು. "ಇದನ್ನ ಇಡಿ. ಕಲ್ಲಿಗೆ ಕೆಲಸ ಮಾಡಿ ಅಭ್ಯಾಸ" ಎಂದಳು.

ಎಲ್ಲ ಜೋಡಿಸಿ ನೆಲದ ಮೇಲೆ ನಿಲ್ಲಿಸಿದರೆ, ಸ್ಟ್ಯಾಂಡು ಅಲ್ಲಾಡಿತು! ಆಚಾರ್ರು ಊಟಕ್ಕೆ ಹೋಗಿದ್ದರು. ನಾನೇ ಸರಿ ಮಾಡುತ್ತೇನೆಂದು ಉದ್ದ ಕಂಡ ಕಾಲನ್ನು ಸ್ವಲ್ಪ ಕೊಯ್ದೆ. ಈಗ ಇನ್ನೊಂದು ಉದ್ದವಾಯಿತು. ಅದನ್ನೂ ಕೊಯ್ದೆ. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ಕಥೆಯಾಯಿತು. ಊಟ ಮುಗಿಸಿ ಬಂದ ಆಚಾರ್ರು ನೋಡಿ, ನನ್ನ ಕೈಯಿಂದ ಗರಗಸ ಕಸಿದುಕೊಂಡರು. "ಹಿಂಗೇ ಬಿಟ್ಟರೆ ಸಂಜೆಗೆ ಮಣೆ ಮಾಡಿಬಿಡ್ತಿದ್ರಿ ಸ್ವಾಮಿ" ಎಂದರು.

ಮೂರು ಕಾಲಿನ ಮುಕ್ಕಾಲಿ ಎಂಥ ನೆಲದ ಮೇಲೂ ಅಲ್ಲಾಡುವುದಿಲ್ಲ, ಮೂರೂ ಕಾಲು ಹೇಗಾದರೂ ನೆಲ ಮುಟ್ಟುತ್ತವೆ. ನಾಲ್ಕನೆಯದು ಬಂದಾಗಲೇ ತಕರಾರು. ಅವರು ಮಾಡಿದ ಉಪಾಯ ಸರಳ. ಮಟ್ಟವಾದ ಕಡಪ ಕಲ್ಲಿನ ಮೇಲೆ ಸ್ಟ್ಯಾಂಡು ನಿಲ್ಲಿಸಿ, ಕಾಲುಗಳ ಕೆಳಗೆ ತೆಳು ಚಕ್ಕೆ ಕೊಟ್ಟು, ಮೇಲ್ಭಾಗ ರಸಮಟ್ಟದಲ್ಲಿ ಸಮ ಬರುವಂತೆ ಮಾಡಿದರು. ಆಮೇಲೆ ಒಂದು ಸಣ್ಣ ಮರದ ತುಂಡಿನ ಮೇಲೆ ಪೆನ್ಸಿಲನ್ನು ಮಲಗಿಸಿ ಹಿಡಿದು, ಅದನ್ನು ಕಲ್ಲಿನ ಮೇಲೇ ಜರುಗಿಸುತ್ತಾ ನಾಲ್ಕು ಕಾಲಿಗೂ ಸುತ್ತ ಗೆರೆ ಎಳೆದರು. ನಾಲ್ಕೂ ಗೆರೆ ಒಂದೇ ಎತ್ತರದಲ್ಲಿ ಬಿದ್ದವು. ಗೆರೆಗೆ ಸರಿಯಾಗಿ ಕೊಯ್ದರೆ ಮುಗಿಯಿತು. ಒಂದೇ ಸಲ, ನಾಲ್ಕೂ ಕಾಲು.

ಮಷೀನನ್ನು ಸ್ಕ್ರೂ ಹಾಕದೆ, ಹಲಗೆಯ ಆಚೆಬದಿಗೆ ಬರುವ ನಾಲ್ಕು ಬೋಲ್ಟು ಹಾಕಿ ಬಿಗಿದೆವು. ಕೆಳಗೆ ಅಗಲವಾದ ವಾಷರು, ನಡುಕಕ್ಕೆ ಸಡಿಲವಾಗದಂತೆ ಒಂದರ ಮೇಲೊಂದು ಎರಡು ನಟ್ಟು. ತಳಕ್ಕೆ ಹಳೇ ಸೈಕಲ್ ಟ್ಯೂಬಿನ ರಬ್ಬರು. ಮರಕ್ಕೆ ಅಗಸೆ ಎಣ್ಣೆ ಒರೆಸಿದೆವು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹಗ್ಗದ ಮೇಲೆ ಹರವಿ ಒಣಗಿಸಿದೆ.

ಮಗಳು ಭಾನುವಾರ ಬಂದಳು. ಬ್ಯಾಗು ಕೆಳಗಿಟ್ಟು ನೇರ ಶೆಡ್ಡಿಗೆ ಹೋದಳು. ಮಷೀನಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ಎಳೆದಳು. ಪಕ್ಕಕ್ಕೆ ನೂಕಿದಳು. ಸೊಂಟ ಕೊಟ್ಟು ಇನ್ನೊಮ್ಮೆ ನೂಕಿದಳು. ಬಗ್ಗಿ ನಟ್ಟುಗಳನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಆಡಿಟ್‌ಗೆ ಬಂದ ಇನ್‌ಸ್ಪೆಕ್ಟರ ಮುಂದೆ ನಿಂತಂತೆ ನಾನು ಕೈಕಟ್ಟಿ ನಿಂತಿದ್ದೆ. ಕೊನೆಗೆ, "ಕನ್ನಡಕ ಹಾಕ್ಬೇಕು. ಶೂ ಇರ್ಬೇಕು. ತೂತು ಹಾಕೋದು ಕ್ಲಾಂಪಲ್ಲಿ ಕಚ್ಚಿಸಿದ ಮೇಲೇನೇ. ಸ್ವಿಚ್ಚೂ ಹ್ಯಾಂಡಲ್ಲೂ ನಿಮ್ಮ ಕೈಯಲ್ಲಿ, ಅವನು ದೊಡ್ಡವನಾಗೋವರೆಗೂ" ಎಂದಳು. ಒಪ್ಪಿದೆ. ಸೀಮೆಸುಣ್ಣದಲ್ಲಿ ಮಷೀನಿನ ಸುತ್ತ ಒಂದು ಗೆರೆಯನ್ನೂ ಎಳೆದಳು. ಮಳೆಗಾಲದಲ್ಲಿ ಅಳಿಸಿಹೋದಾಗಲೆಲ್ಲ ಮೊಮ್ಮಗ ತಾನೇ ಮತ್ತೆ ಎಳೆಯುತ್ತಾನೆ.

ಖರ್ಚಿನ ಲೆಕ್ಕ ಬರೆದಿಟ್ಟಿದ್ದೇನೆ. ಸಾಮಿಲ್ಲಿಗೆ 400, ಬೋಲ್ಟು ವಾಷರಿಗೆ 180, ಅಗಸೆ ಎಣ್ಣೆಗೆ 160. ಆಚಾರ್ರು ಕೂಲಿ ಬೇಡವೆಂದರು, ಬಲವಂತ ಮಾಡಿ ಪಂಚೆ ಕೊಟ್ಟೆವು. ಮರಕ್ಕೆ ಸೊನ್ನೆ.

31 ಮೊಳೆಗಳ ಬಾಟಲಿ ಸ್ಟ್ಯಾಂಡಿನ ಕೆಳಹಲಗೆಯಲ್ಲಿ ಬೀಸುವ ಕಲ್ಲಿನ ಪಕ್ಕ ಇದೆ. ಭಾರಕ್ಕೆ ಅದೂ ಇರಲಿ ಎಂದು ಅವನೇ ಇಟ್ಟದ್ದು. ಹೋದ ವಾರ ಗಾಡಿಯ ಚಕ್ರಕ್ಕೆ ತೂತು ಹಾಕುತ್ತಿದ್ದೆವು. ಗೆರೆಯ ಆಚೆ ನಿಂತಿದ್ದವನು, "ತಾತ, ಕ್ಲಾಂಪ್ ಹಾಕಿಲ್ಲ ನೀನು" ಎಂದ. ನೋಡಿದೆ, ಹಾಕಿರಲಿಲ್ಲ. ಸ್ವಿಚ್ಚಿನ ಮೇಲಿದ್ದ ಕೈ ತೆಗೆದೆ, ಕ್ಲಾಂಪ್ ಬಿಗಿದೆ, ಆಮೇಲೆ ಮಷೀನು ಚಾಲೂ ಮಾಡಿದೆ.